ತಿದ್ದುಪಡಿ: ಎರಡು

2019ರ ಜೂನ್. ಚೆನ್ನೈಯ ಕೆರೆಗಳೆಲ್ಲ ಬತ್ತಿ, ಬೀದಿಬೀದಿಯಲ್ಲೂ ಟ್ಯಾಂಕರ್ ಲಾರಿಗೆ ಕಾಯುವ ಕೊಡಗಳ ಸಾಲು. ಅಂಥದೊಂದು ಸಂಜೆ ನನ್ನ ಮೊಬೈಲಿಗೆ ಆರು ಪುಟದ ಪಿಡಿಎಫ್ ಬಂತು. ಕಳಿಸಿದವನು ವಕೀಲರ ಜೂನಿಯರ್. ಜತೆಗೊಂದು ಸಾಲು: "ಆಂಟಿ, ಪ್ರೂಫ್ ಅಫಿಡವಿಟ್ ರೆಡಿ. ನಾಳೆ ಬಂದು ಸಹಿ ಹಾಕಿದರೆ ಆಯ್ತು."

ತೆರೆದು ನೋಡಿದರೆ ಅದರೊಳಗೆ ನಾನು ಆಗಲೇ ಮಾತಾಡಿ ಮುಗಿಸಿದ್ದೆ. ಅದೂ ಇಂಗ್ಲಿಷಿನಲ್ಲಿ. ಹೆಸರು, ವಯಸ್ಸು, ಅಶೋಕ್ ನಗರದ ವಿಳಾಸ ಎಲ್ಲ ಸರಿಯಿತ್ತು. ಅದರ ಮುಂದೆ, ಸದರಿ ಓಣಿಯನ್ನು ನಾವು 1974ರಿಂದ ಬಹಿರಂಗವಾಗಿ, ಶಾಂತಿಯುತವಾಗಿ, ಹಕ್ಕಿನಿಂದ, ಯಾವುದೇ ಅಡೆತಡೆಯಿಲ್ಲದೆ ಬಳಸಿಕೊಂಡು ಬಂದೆವೆಂದು ಪ್ರಮಾಣ ಮಾಡಿದ್ದೆ. 1974ರಲ್ಲಿ ನನಗೆ ಹತ್ತು ವರ್ಷ. ಆ ಓಣಿಯಲ್ಲಿ ಕೊಡ ಹೊತ್ತು ಓಡಾಡಿದ್ದು ನಿಜ. ಹಕ್ಕಿನಿಂದ ಓಡಾಡುತ್ತಿದ್ದೇನೆಂಬುದು ಮಾತ್ರ ಆಗ ನನಗೆ ಗೊತ್ತಿರಲಿಲ್ಲ.

ವ್ಯಾಜ್ಯ ದೊಡ್ಡದೇನೂ ಅಲ್ಲ. ತಿರುವಲ್ಲಿಕ್ಕೇಣಿಯಲ್ಲಿ ನಾವು ಇಪ್ಪತ್ತೈದು ವರ್ಷ ಬಾಡಿಗೆಗಿದ್ದ ಹಿಂದಿನ ಮನೆ, ಅದರ ಮುಂದಿನ ನಿವೇಶನ, ಎರಡರ ನಡುವೆ ಬೀದಿಯ ಕೈಪಂಪಿಗೆ ಹೋಗುವ ನಾಲ್ಕಡಿ ಓಣಿ. ಮುಂದಿನ ಜಾಗ ಕೈಬದಲಾಗಿ, 2015ರಲ್ಲಿ ಹೊಸಬರು ಓಣಿಗೆ ಅಡ್ಡ ಗೋಡೆ ಎಬ್ಬಿಸಿದರು. ಹಿಂದಿನ ಮನೆಯವರು ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ದಾರಿಯ ಹಕ್ಕು ಹುಟ್ಟಬೇಕಾದರೆ ಇಪ್ಪತ್ತು ವರ್ಷದ ಬಳಕೆ ಬೇಕು. ಬರೀ ಬಳಕೆ ಸಾಲದು, ಇನ್ನೊಬ್ಬರ ಅಪ್ಪಣೆ ಪಡೆದು ಬಳಸಿದ್ದಾಗಿರಬಾರದು. ಹಳೆಯ ಕಾಲ ನೋಡಿದವರು ಯಾರಿದ್ದಾರೆ ಎಂದು ಹುಡುಕಿದಾಗ ಉಳಿದಿದ್ದವಳು ನಾನು. ಹೀಗೆ ನಾನು ವಾದಿಯ ಎರಡನೇ ಸಾಕ್ಷಿಯಾದೆ, ಕೋರ್ಟಿನ ಬಾಯಲ್ಲಿ ಪಿ.ಡಬ್ಲ್ಯೂ. 2.

ಪಿಡಿಎಫ್ ಓದುತ್ತ ಅಪ್ಪಯ್ಯನ ನೆನಪಾಯಿತು. ಪ್ರೀತಿ ಉಕ್ಕಿ ಬಂದ ನೆನಪಲ್ಲ. 1984ರಲ್ಲಿ ಅವರೂ ಇದೇ ಕೋರ್ಟಿನ ಆವರಣಕ್ಕೆ ಸಾಕ್ಷಿ ಹೇಳಲು ಹೋಗಿದ್ದರು. ಇಂಗ್ಲಿಷ್ ಓದಿ ಹೇಳಲಿಕ್ಕೆಂದು ಬಿ.ಕಾಂ. ಓದುತ್ತಿದ್ದ ನನ್ನನ್ನು ಜತೆಗೆ ಎಳೆದೊಯ್ದಿದ್ದರು.

ಅದು ಉಯಿಲಿನ ತಕರಾರು. ಕುಂದಾಪುರದ ಕಡೆಯಿಂದ ಬಂದು ಮದರಾಸಿನ ಉಡುಪಿ ಹೋಟೆಲೊಂದರಲ್ಲಿ ಬಾಳೆಲ್ಲ ಲೆಕ್ಕ ಬರೆದ ಹಿರಿಯರೊಬ್ಬರು 1971ರಲ್ಲಿ ಕನ್ನಡದಲ್ಲೇ ಉಯಿಲು ಬರೆದಿಟ್ಟು ಹೋಗಿದ್ದರು. ಮದುವೆಯಿಲ್ಲ, ಮಕ್ಕಳಿಲ್ಲ. ಊರಿನ ತಂಗಿಯ ಮಗನಿಗೆ ಒಂದಿಷ್ಟು, ಇಲ್ಲಿ ನೋಡಿಕೊಂಡವರಿಗೆ ಒಂದಿಷ್ಟು. ಮದರಾಸು ನಗರದಲ್ಲಿ ಬರೆದ ಉಯಿಲಿಗೆ ಆಗ ಹೈಕೋರ್ಟಿನಿಂದ ಪ್ರೊಬೇಟ್ ಪಡೆಯಬೇಕಿತ್ತು. ಎದುರು ಪಕ್ಷ ಆಕ್ಷೇಪಿಸಿದರೆ ಅರ್ಜಿಯೇ ದಾವೆಯಾಗುತ್ತಿತ್ತು. ಉಯಿಲಿಗೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರು. ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬದುಕಿದ್ದರೆ ಅವರನ್ನು ಕರೆಸಲೇಬೇಕು ಎನ್ನುವುದು ಕಾನೂನು. ಉಳಿದವರು ಅಪ್ಪಯ್ಯ.

ಹಿಂದಿನ ದಿನ ಸಂಜೆ ಮೈಲಾಪುರದಲ್ಲಿ ವಕೀಲರ ಮನೆಗೆ ಹೋದೆವು. ಕಾಗದ ಇಲ್ಲ, ಪೆನ್ನು ಇಲ್ಲ. ವಕೀಲರು ಈಜಿಚೇರಿನಲ್ಲಿ ಕೂತು "ಏನು ನೋಡಿದಿರಿ, ಹೇಳಿ" ಎಂದರು. ಅಪ್ಪಯ್ಯ ಇಪ್ಪತ್ತು ನಿಮಿಷ ಹೇಳಿದರು. ಊರಿನ ಗದ್ದೆಯಿಂದ ಶುರುವಾಗಿ, ತಂಗಿಯ ಮಗನ ಪೋಲಿತನ ದಾಟಿ, ಹೋಟೆಲಿನ ಮ್ಯಾನೇಜರ್ ಅಂದದ್ದಕ್ಕೆ ಬಂದು ನಿಂತಿತು. ವಕೀಲರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ಇದರಲ್ಲಿ ನಿಮ್ಮ ಹೆಂಡತಿ ಹೇಳಿದ್ದು, ಮ್ಯಾನೇಜರ್ ಹೇಳಿದ್ದು, ಬೀದಿಯವರು ಹೇಳಿದ್ದು ಎಲ್ಲ ತೆಗೆದು ಮತ್ತೆ ಹೇಳಿ" ಎಂದರು. ಎರಡನೇ ಸಲ ಹೇಳಿದ್ದು ಮೂರೇ ನಿಮಿಷ. ಆ ಹಿರಿಯರು ಚಾಪೆಯ ಮೇಲೆ ಕೂತಿದ್ದರು. ಕೈ ನಡುಗುತ್ತಿತ್ತೆಂದು ಕಾಗದದ ಅಡಿಗೆ ಪಂಚಾಂಗ ಇಟ್ಟುಕೊಟ್ಟದ್ದು ಅಪ್ಪಯ್ಯ. ಅವರು ಸಹಿ ಹಾಕಿದರು, ಆಮೇಲೆ ಅವರೆದುರಿಗೇ ಇವರಿಬ್ಬರೂ ಹಾಕಿದರು. "ಇಷ್ಟೇ ನಿಮ್ಮದು. ನಾಳೆ ಕೇಳಿದ್ದಕ್ಕೆ ಮಾತ್ರ ಉತ್ತರ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ." ಅದೇ ತಯಾರಿ. ಮಾತು ಹೇಳಿಕೊಡುವುದು ತಪ್ಪು ಎಂಬ ಅಳುಕು ಆ ವಕೀಲರಿಗಿತ್ತು. ಎಲ್ಲರಿಗೂ ಇತ್ತೆಂದು ನಾನು ಹೇಳಲಾರೆ. ಕೋರ್ಟಿನ ಜಗಲಿಯಲ್ಲೇ ಸಾಕ್ಷಿಗೆ ಪಾಠ ಒಪ್ಪಿಸಿಕೊಳ್ಳುತ್ತಿದ್ದವರನ್ನು ಮರುದಿನ ನಾನೇ ಕಂಡೆ.

ಹೈಕೋರ್ಟಿನ ಕೆಂಪು ಕಟ್ಟಡ ಅಪ್ಪಯ್ಯನಿಗೆ ಹೊಸದಲ್ಲ. 1892ರಲ್ಲಿ ತೆರೆದದ್ದು, ಸಿಟಿ ಸಿವಿಲ್ ಕೋರ್ಟಿನ ಕಾಯ್ದೆಯೂ ಅದೇ ವರ್ಷದ್ದು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದವರ ಮೇಲ್ಮನವಿಗಳೆಲ್ಲ ಬರುತ್ತಿದ್ದದ್ದು ಇಲ್ಲಿಗೇ. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಬಲವಂತದಿಂದ ಪಾಲು ಕೇಳುವಂತಿಲ್ಲ ಎಂದು 1863ರಷ್ಟು ಹಿಂದೆಯೇ ಹೇಳಿದ್ದು, ಈ ಕಟ್ಟಡ ಏಳುವುದಕ್ಕೂ ಮೊದಲಿನ ಇದೇ ಹೈಕೋರ್ಟು. ನಮ್ಮ ಅಜ್ಜನ ಮನೆಯಲ್ಲಿ 'ಮದರಾಸಿಗೆ ಹೋಯಿತು' ಎಂದರೆ ಕೇಸು ಮೇಲಕ್ಕೆ ಹೋಯಿತು ಎಂದೇ ಅರ್ಥ. ಆದರೆ ಮೇಲ್ಮನವಿಗೆ ಸಾಕ್ಷಿದಾರ ಬರುವುದಿಲ್ಲ. ಕುಂದಾಪುರದ ಮುನ್ಸೀಫ್ ಕೋರ್ಟಿನಲ್ಲಿ ಅವನು ಕನ್ನಡದಲ್ಲಿ ಆಡಿದ ಮಾತು ಇಂಗ್ಲಿಷಾಗಿ, ಕಾಗದವಾಗಿ ಇಲ್ಲಿಗೆ ಬರುತ್ತಿತ್ತು. ಮಾತಾಡಿದವನು ಮದರಾಸನ್ನು ಕಂಡೇ ಇರುತ್ತಿರಲಿಲ್ಲ.

ಅಪ್ಪಯ್ಯನ ಸರದಿ ಬಂದದ್ದು ನಾಲ್ಕನೇ ಸಲಕ್ಕೆ. ಮೊದಲ ಮೂರು ಸಲ ವಾಯ್ದೆ. ಸಾಕ್ಷಿ ಭತ್ತೆಯೆಂದು ಸಿಕ್ಕಿದ್ದು ಬಸ್ಸು, ಕಾಫಿಗೆ ಸರಿಹೋಯಿತು. ಮೂರು ದಿನದ ಸಂಬಳ ಹೋದದ್ದು ಹೋಯಿತು. ಕಡೆಗೊಂದು ಮಧ್ಯಾಹ್ನ ಕೆಂಪು ಪಟ್ಟಿಯ ಜವಾನ, ಇಲ್ಲಿನವರ ಬಾಯಲ್ಲಿ ಡವಾಲಿ, ಅವರ ಹೆಸರನ್ನು ಮೂರು ಸಲ ಕೂಗಿದ. ಮೂರು ಸಲವೂ ಬೇರೆ ಬೇರೆ ಬಗೆಯಲ್ಲಿ ತಪ್ಪಾಗಿ.

ಆ ಕಾಲದಲ್ಲಿ ಮುಖ್ಯ ವಿಚಾರಣೆ ಬಾಯಿಮಾತಿನಲ್ಲೇ. ತಮ್ಮ ಪಕ್ಷದ ಸಾಕ್ಷಿಗೆ ವಕೀಲರು ಉತ್ತರ ಸೂಚಿಸುವ ಪ್ರಶ್ನೆ ಕೇಳುವಂತಿಲ್ಲ. 'ಅಂದು ಏನಾಯಿತು?' ಎಂದು ಕೇಳಬಹುದು. 'ಅಂದು ಅವರು ಸಹಿ ಹಾಕಿದರಲ್ಲವೆ?' ಎನ್ನುವ ಹಾಗಿಲ್ಲ. ಅಪ್ಪಯ್ಯ ಮನಸ್ಸಿನಲ್ಲಿ ಕನ್ನಡದಲ್ಲಿ ಕಂಡದ್ದನ್ನು ತಮಿಳಿನಲ್ಲಿ ಹೇಳಿದರು. ನ್ಯಾಯಾಧೀಶರು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಟೈಪಿಸ್ಟಿಗೆ ಬರೆಸಿದರು. ನಡುವೆ ಅಪ್ಪಯ್ಯ ಅಭ್ಯಾಸಬಲದಿಂದ ತೀರಿಹೋದವರನ್ನು 'ಪೆರಿಯಪ್ಪಾ' ಎಂದರು. ನಾವು ಮನೆಯಲ್ಲಿ ಅವರನ್ನು ದೊಡ್ಡಪ್ಪಯ್ಯ ಎಂದೇ ಕರೆಯುತ್ತಿದ್ದದ್ದು. ಟೈಪ್‌ರೈಟರಿನ ಮೇಲೆ 'ನನ್ನ ತಂದೆಯ ಅಣ್ಣ' ಎಂದು ಬೀಳುತ್ತಿದ್ದ ಹಾಗೇ ನ್ಯಾಯಾಧೀಶರು ಕೈಯೆತ್ತಿ, "ನಿಮಗೆ ರಕ್ತಸಂಬಂಧವೋ?" ಎಂದು ಕೇಳಿದರು. "ಇಲ್ಲ, ಸಾರ್. ಮರ್ಯಾದೆಗೆ ಹಾಗೆ ಕರೆಯುವುದು." ಟೈಪಿಸ್ಟ್ ಹಿಂದೆ ಸರಿಸಿ ಎಕ್ಸ್ ಎಕ್ಸ್ ಎಂದು ಹೊಡೆದು ಮುಂದೆ ಹೋದ. ಆ ಪ್ರಶ್ನೆ ಅಲ್ಲೇ ಕೇಳದಿದ್ದರೆ ಎದುರು ವಕೀಲರು ಅರ್ಧ ಗಂಟೆ ಅದರ ಮೇಲೇ ಸವಾರಿ ಮಾಡುತ್ತಿದ್ದರು.

ಹಾಗೆಂದು ಅಂದಿನ ಪದ್ಧತಿಯನ್ನು ಹೊಗಳಲಾರೆ. ಆಮೇಲೆ ನಕಲು ತೆಗೆಸಿ ನೋಡಿದಾಗ ನಲವತ್ತು ನಿಮಿಷದ ಮಾತು ಒಂದೂವರೆ ಪುಟವಾಗಿತ್ತು. ಪಂಚಾಂಗ ಅದರಲ್ಲಿ ಇರಲೇ ಇಲ್ಲ. ಆ ನಡುಗುವ ಕೈಯೂ ಇಲ್ಲ. 'ಅವರು ನನ್ನೆದುರು ಸಹಿ ಹಾಕಿದರು' ಎಂಬ ಒಂದು ಸಾಲು ಇತ್ತು. ಓದಿ ಹೇಳಿದರು, ಸರಿಯಿದೆ ಎಂದು ಒಪ್ಪಿದರು ಎಂಬ ಷರಾ ಕೆಳಗೆ. ಓದಿ ಹೇಳಿದ ಇಂಗ್ಲಿಷಿನಲ್ಲಿ ಅಪ್ಪಯ್ಯನಿಗೆ ಅರ್ಥವಾದದ್ದು ತಮ್ಮ ಹೆಸರು ಮಾತ್ರ.

ಇದೆಲ್ಲ ಬದಲಾದದ್ದು 2002ರ ಜುಲೈ 1ರಿಂದ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಬಂದು, ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕವೇ ಆಗಬೇಕು ಎಂದಾಯಿತು. ಕೋರ್ಟಿನ ಹೊತ್ತು ಉಳಿಯಲಿ ಎಂಬುದು ಉದ್ದೇಶ. ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು ನಮ್ಮ ತಮಿಳುನಾಡಿನ ಸೇಲಂ ವಕೀಲರ ಸಂಘ. ಅದೇ ವರ್ಷ ಅಕ್ಟೋಬರಿನಲ್ಲಿ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸಮನ್ಸ್ ಕೊಟ್ಟು ಕರೆಸಬೇಕಾದ, ಯಾರ ಕೈಯಲ್ಲೂ ಇಲ್ಲದ ಸಾಕ್ಷಿಯನ್ನು ಮಾತ್ರ ಹಿಂದಿನಂತೆ ಬಾಯಿಮಾತಿನಲ್ಲಿ ವಿಚಾರಿಸಬಹುದು ಎಂದಿತು. ನಾನು ಕರೆದರೆ ಬರುವ ಸಾಕ್ಷಿ. ಆದ್ದರಿಂದ ನನಗೆ ಪಿಡಿಎಫ್.

ಮರುದಿನ ತಂಬು ಚೆಟ್ಟಿ ಬೀದಿಗೆ ಹೋದೆ. ಮೆಟ್ರೊ ಆ ವರ್ಷದ ಫೆಬ್ರುವರಿಯಲ್ಲಷ್ಟೇ ಹೈಕೋರ್ಟಿನವರೆಗೆ ತೆರೆದಿತ್ತು. ಮೇಲೆ ಬಂದರೆ ಅದೇ ಹಳೆಯ ಪ್ಯಾರಿಸ್ ಕಾರ್ನರ್: ಜೆರಾಕ್ಸ್ ಅಂಗಡಿ, ಸ್ಟಾಂಪು ಮಾರುವವರು, ಕರಿಕೋಟು. ವಕೀಲರ ಕಚೇರಿ ಎರಡನೇ ಮಹಡಿ, ಲಿಫ್ಟಿಲ್ಲ. ಜೂನಿಯರ್ ಚುರುಕು ಹುಡುಗ. ತಪ್ಪೆಲ್ಲ ಅವನದೇ ಎನ್ನಲಾರೆ. ವಾದಪತ್ರವನ್ನೇ ಕತ್ತರಿಸಿ ಅಂಟಿಸಿ, 'ವಾದಿ' ಇದ್ದಲ್ಲೆಲ್ಲ 'ನಾನು' ಮಾಡಿದ್ದ, ಅಷ್ಟೇ. ಊರೆಲ್ಲ ಹಾಗೇ ಮಾಡುತ್ತದೆ. ಸಾಕ್ಷಿ ತನಗೆ ಸ್ವಂತ ಗೊತ್ತಿರುವ ಸಂಗತಿಗಳನ್ನಷ್ಟೇ ಹೇಳಬೇಕು ಎಂದು ಸಂಹಿತೆಯಲ್ಲೇ ಇದೆ. ಅದನ್ನು ಓದಿದವರೂ ಇದ್ದಾರೆ.

"ಯಾವುದೇ ಅಡೆತಡೆಯಿಲ್ಲದೆ ಅಂತ ಬರೆದಿದ್ದೀಯಲ್ಲ, ಒಂದು ಸಲ ಬೀಗ ಹಾಕಿದ್ದರು" ಎಂದೆ.

ಅವನು ಕುರ್ಚಿಯಿಂದ ಅರ್ಧ ಎದ್ದ. "ಅಯ್ಯೋ, ಅದೆಲ್ಲ ಬೇಡ ಆಂಟಿ. ಕೇಸೇ ಹೋಗುತ್ತದೆ."

1983. ಆಗಲೂ ಮದರಾಸಿನಲ್ಲಿ ನೀರಿನ ಬರ. ಕೃಷ್ಣಾ ನೀರು ತರುವ ತೆಲುಗು ಗಂಗಾ ಒಪ್ಪಂದ ಆದದ್ದೂ ಆ ವರ್ಷವೇ. ಕೈಪಂಪಿನ ಹತ್ತಿರ ದಿನಾ ಜಗಳ. ಮುಂದಿನ ಮನೆಯ ಹಳೆಯ ಯಜಮಾನರು ಒಂದು ಬೆಳಿಗ್ಗೆ ಓಣಿಯ ಬಾಗಿಲಿಗೆ ಹಿತ್ತಾಳೆಯ ಬೀಗ ಜಡಿದರು. ಹತ್ತು ಹನ್ನೆರಡು ದಿನ ನಾವು ಸುತ್ತು ಹಾಕಿ ನೀರು ತಂದೆವು. ಕಡೆಗೊಂದು ದಿನ ಅಮ್ಮ ಅವರ ಜಗಲಿ ಹತ್ತಿ ನಿಂತರು. ಎರಡು ಖಾಲಿ ಕೊಡ ಹಿಡಿದು ಹಿಂದೆ ನಾನು. ಅಮ್ಮನ ತಮಿಳು ಮೂರು ಪದ ದಾಟಿದರೆ ಕುಂದಗನ್ನಡವಾಗುತ್ತಿತ್ತು, ಆದ್ದರಿಂದ ಎರಡೇ ಪದ ಹೇಳಿದರು: "ಪೂಟ್ಟೆ ತೊರಂಗ." ಬೀಗ ತೆಗೀರಿ. ಅವರು ತೆಗೆದರು. ಬೇರೆ ಮಾತಿಲ್ಲ.

ಹಿರಿಯ ವಕೀಲರು ಒಳಗಿಂದ ಬಂದು ಎಲ್ಲ ಕೇಳಿಸಿಕೊಂಡರು. "ಬೀಗದ ವಿಷಯ ಇರಲಿ, ಹಾಕು" ಎಂದು ಜೂನಿಯರಿಗೆ ಹೇಳಿದರು. ಕಾಯ್ದೆಯಲ್ಲಿ ಅಡಚಣೆ ಎಂದರೆ ಬರೀ ಬೀಗ ಹಾಕಿದ್ದಲ್ಲವಂತೆ. ಹಾಕಿದ್ದು ಗೊತ್ತಾದ ಮೇಲೂ ಒಂದು ವರ್ಷ ಅದಕ್ಕೆ ತಲೆಬಾಗಿ ಸುಮ್ಮನಿದ್ದರೆ ಮಾತ್ರ ಅಡಚಣೆ. ಹನ್ನೆರಡು ದಿನಕ್ಕೆ ಏನೂ ಕೆಡುವುದಿಲ್ಲ. "ಮುಚ್ಚಿಟ್ಟರೆ ಪಾಟೀಸವಾಲಿನಲ್ಲಿ ಅದೇ ಬೀಗ ನಮ್ಮ ಕೊರಳಿಗೆ. ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ. ನಿಮ್ಮಮ್ಮ ಅಲ್ಲಿ ಹೋಗಿ ಮಾಡಿದ್ದೇನು? ಬೇಡಿಕೊಂಡರೋ, ಜೋರು ಮಾಡಿದರೋ?"

ಆಮೇಲೆ ನಗುತ್ತ ಕಿಟಕಿಯ ಕಡೆ ಕೈ ತೋರಿಸಿದರು. ಹೈಕೋರ್ಟಿನ ಆವರಣದ ಗೇಟುಗಳನ್ನೆಲ್ಲ ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ನವೆಂಬರಿನ ಒಂದು ಶನಿವಾರ ರಾತ್ರಿಯಿಂದ ಭಾನುವಾರ ರಾತ್ರಿಯವರೆಗೆ, ಮುಚ್ಚಿಬಿಡುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ರೂಢಿ. ಒಳಗಿಂದ ಹಾದುಹೋಗುವ ಜನ ನಾಳೆ ಇದು ನಮ್ಮ ದಾರಿ ಎಂದು ಹಕ್ಕು ಸಾಧಿಸಬಾರದಲ್ಲ, ಅದಕ್ಕೆ. ನೀವು ಓಡಾಡುತ್ತಿರುವುದು ನಮ್ಮ ಅಪ್ಪಣೆಯಿಂದ ಎಂದು ವರ್ಷಕ್ಕೊಮ್ಮೆ ನೆನಪಿಸುವ ಬೀಗ. ಎದುರು ಪಕ್ಷದವರೂ ನಮ್ಮ ಓಣಿಯ ಬೀಗವನ್ನು ಹಾಗೆಯೇ ಓದುತ್ತಾರೆ ಎಂದರು.

ಜೂನಿಯರ್ ಹೊಸ ಪ್ಯಾರಾ ಟೈಪು ಮಾಡಿ ತಂದ. ಉದ್ದನೆಯ ಹಸಿರುಬಣ್ಣದ ಲೆಡ್ಜರ್ ಕಾಗದ. ಅದರಲ್ಲಿ ಅಮ್ಮ ಬೀಗ ತೆಗೆಯುವಂತೆ 'ವಿನಂತಿಸಿಕೊಂಡರು' ಎಂದಿತ್ತು. ಅದು ಬೇಡ ಎಂದೆ. ಹಾಗಾದರೆ 'ಆಗ್ರಹಿಸಿದರು' ಹಾಕಲೇ, ಕೇಸಿಗೆ ಒಳ್ಳೆಯದು ಎಂದ. ಅದೂ ಬೇಡ ಎಂದೆ. ಅವನಿಗೆ ತಾಳ್ಮೆ ತಪ್ಪಿತು. ಅಮ್ಮ ಆಡಿದ್ದು 'ತೆಗೀರಿ'. ಬಹುವಚನದ ಮರ್ಯಾದೆಯೂ ಇದೆ, ಆಜ್ಞೆಯೂ ಇದೆ. ತಮಿಳಿನ 'ತೊರಂಗ'ವೂ ಹಾಗೇ. ದಿನಾ ನೆರೆಮನೆಯವರೊಡನೆ, ಸೊಪ್ಪಿನವಳೊಡನೆ, ಬಸ್ ಕಂಡಕ್ಟರನೊಡನೆ ನಾವು ಆಡುವುದು ಹೀಗೆಯೇ. ಇದರಲ್ಲಿ ಬೇಡಿಕೆ ಎಷ್ಟು, ಹಕ್ಕು ಎಷ್ಟು ಎಂದು ನಾವು ತೂಗಿ ನೋಡಿದವರಲ್ಲ. ಅವನ ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು, ಇಡೀ ದಾವೆ ಆ ಆಯ್ಕೆಯ ಮೇಲೇ ನಿಂತಿತ್ತು. ಅಮ್ಮ 2006ರಲ್ಲಿ ತೀರಿಕೊಂಡಿದ್ದರು, ಕೇಳುವಂತಿರಲಿಲ್ಲ.

'ವಿನಂತಿಸಿಕೊಂಡರು' ಹೊಡೆದು ಮೇಲೆ ಪೆನ್ನಿನಿಂದ 'ಹೇಳಿದರು' ಎಂದು ಬರೆಸಿದೆ. ಅವರಾಡಿದ ಎರಡು ತಮಿಳು ಪದಗಳನ್ನೂ ಹಾಗೇ ಹಾಕಲು ಹೇಳಿದೆ. ಮೊದಲ ಪುಟದಲ್ಲಿ ಅಪ್ಪಯ್ಯನನ್ನು 'ಹೋಟೆಲ್ ಮಾಲೀಕರು' ಮಾಡಿದ್ದ. ಅದನ್ನು 'ಹೋಟೆಲಿನ ಗುಮಾಸ್ತರು' ಎಂದು ತಿದ್ದಿಸಿದೆ. ಉಡುಪಿ ಕಡೆಯವರೆಂದರೆ ಮಾಲೀಕರೇ ಎಂಬುದು ಮದರಾಸಿನ ಹಳೆಯ ನಂಬಿಕೆ. ವುಡ್‌ಲ್ಯಾಂಡ್ಸಿನ ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಶುರುಮಾಡಿ ಮಾಲೀಕರಾದರು. ಅವರಂಥವರ ಹೋಟೆಲುಗಳಲ್ಲಿ ದುಡಿದು ಗುಮಾಸ್ತರಾಗಿಯೇ ನಿವೃತ್ತರಾದವರ ಲೆಕ್ಕ ಯಾರೂ ಇಟ್ಟಿಲ್ಲ.

ಇಲ್ಲಿನ ಕೋರ್ಟು ಕಾಗದದಲ್ಲಿ ಪ್ರತಿ ಪುಟದ ಅಡಿಯಲ್ಲೂ ತಿದ್ದುಪಡಿ ಎಷ್ಟು ಎಂದು ನಮೂದಿಸಬೇಕು. ಬಹುತೇಕ 'ಇಲ್ಲ' ಎಂದು ಮೊದಲೇ ಟೈಪಾಗಿರುತ್ತದೆ. ನನ್ನದರಲ್ಲಿ ಒಂದನೇ ಪುಟಕ್ಕೊಂದು, ನಾಲ್ಕನೇ ಪುಟಕ್ಕೊಂದು. ಪಕ್ಕದ ಕಚೇರಿಯಿಂದ ಕೇಸಿಗೆ ಸಂಬಂಧಪಡದ ಇನ್ನೊಬ್ಬ ವಕೀಲರು ಬಂದು, ನನ್ನೆದುರು ಪ್ರಮಾಣ ಮಾಡಿದರು ಎಂದು ಸಹಿ ಹಾಕಿದರು. ಮುಖ ಎತ್ತಿ ನನ್ನನ್ನು ನೋಡಲಿಲ್ಲ.

ಜುಲೈಯಲ್ಲಿ ಕಟಕಟೆ ಹತ್ತಿದೆ. 2015ರಿಂದ ಗೇಟಿನಲ್ಲಿ ಕೇಂದ್ರದ ಭದ್ರತಾ ಪಡೆ. ಚೀಲ ಬಿಚ್ಚಿ ತೋರಿಸಿ ಒಳಗೆ ಹೋಗಬೇಕು. ಅಪ್ಪಯ್ಯನಿಗೆ ನಲವತ್ತು ನಿಮಿಷ ಹಿಡಿದ ಮುಖ್ಯ ವಿಚಾರಣೆ ನನಗೆ ಮೂರು ನಿಮಿಷ. ಇದು ನಿಮ್ಮ ಸಹಿಯೇ? ಹೌದು. ಬರೆದದ್ದು ನಿಜವೇ? ಹೌದು. ನಾನು ಕೊಟ್ಟ ಹಳೆಯ ಬಾಡಿಗೆ ರಸೀದಿಗಳಿಗೆ ಎ ಸರಣಿಯ ಗುರುತಿನ ಸಂಖ್ಯೆ ಬಿತ್ತು. ಇಳಿದು ಬಂದೆ. ಹೊತ್ತು ಉಳಿಯಿತು ನಿಜ, ಉಳಿದ ಹೊತ್ತನ್ನು ವಾಯ್ದೆ ತಿಂದಿತು. ಪಾಟೀಸವಾಲಿಗೆ ನಾಲ್ಕು ವಾಯ್ದೆ ಕಳೆದು 2020ರ ಫೆಬ್ರುವರಿಯಾಯಿತು. ಅಂದರೆ ನನ್ನ ಮಾತು ಕಾಗದದ ಮೇಲೆ ಎದುರು ವಕೀಲರ ಕೈಯಲ್ಲಿ ಏಳು ತಿಂಗಳು ಇತ್ತು. ಅಪ್ಪಯ್ಯನ ಮಾತನ್ನು ಎದುರು ಪಕ್ಷದವರು ಮೊದಲ ಸಲ ಕೇಳಿದ್ದು ಕೋರ್ಟಿನಲ್ಲೇ. ಈ ಬದಲಾವಣೆಯಿಂದ ಯಾರಿಗೆ ಲಾಭವಾಯಿತೆಂದು ಸಂಸತ್ತು ಯೋಚಿಸಿತ್ತೋ ಇಲ್ಲವೋ, ಎದುರು ವಕೀಲರ ಪ್ರತಿಯಲ್ಲಿ ನಾಲ್ಕನೇ ಪುಟಕ್ಕೆ ಹಳದಿ ಚೀಟಿ ಅಂಟಿಸಿದ್ದು ಕಟಕಟೆಯಿಂದಲೇ ಕಾಣುತ್ತಿತ್ತು.

"ನಿಮ್ಮ ತಾಯಿ ಯಜಮಾನರ ಮನೆಗೆ ಹೋಗಿ ಕೇಳಿಕೊಂಡರು, ಅಲ್ಲವೇ?" ತಮಿಳಿನಲ್ಲಿ.

"ಕೇಳಿಕೊಳ್ಳಲಿಲ್ಲ. ಬೀಗ ತೆಗೀರಿ ಅಂದರು."

"ಅಂದರೆ ವಿನಂತಿಸಿದರು."

"ಅಂದರು."

"ಟೈಪು ಮಾಡಿದ್ದು ವಿನಂತಿ ಎಂದೇ ಇತ್ತು. ನೀವು ಆಮೇಲೆ ತಿದ್ದಿಸಿದಿರಿ. ವಕೀಲರು ಹೇಳಿಕೊಟ್ಟದ್ದಕ್ಕೆ ತಿದ್ದಿಸಿದಿರಿ."

"ವಕೀಲರ ಕಡೆಯವರು ಬರೆದದ್ದನ್ನು ನಾನು ತಿದ್ದಿಸಿದೆ."

ನ್ಯಾಯಾಧೀಶರು ಕತ್ತೆತ್ತಿ, ಅವರು ಆಡಿದ ಮಾತೇನು ಎಂದು ಕೇಳಿದರು. "ಪೂಟ್ಟೆ ತೊರಂಗ" ಎಂದೆ. ಸ್ಟೆನೊ ಒಂದು ಗಳಿಗೆ ತಡೆದು, ನ್ಯಾಯಾಧೀಶರ ಮುಖ ನೋಡಿ, ಆ ಎರಡು ಪದಗಳನ್ನು ಹಾಗೆಯೇ ಕುಟ್ಟಿದಳು. ಮಿಕ್ಕ ಪ್ರಶ್ನೆಗಳು ಬಾಡಿಗೆ ಎಷ್ಟು, ಓಣಿ ಎಷ್ಟಡಿ ಎಂಬಂಥವು. ಓಣಿಯ ಅಗಲ ಅಳೆದವಳು ನಾನಲ್ಲ, ಗೊತ್ತಿಲ್ಲ ಎಂದೆ.

ಮುಂದಿನ ತಿಂಗಳು ಲಾಕ್‌ಡೌನ್ ಬಂತು. 1872ರ ಸಾಕ್ಷ್ಯ ಕಾಯ್ದೆ ಹೋಗಿ 2024ರ ಜುಲೈ 1ರಿಂದ ಹೊಸ ಅಧಿನಿಯಮವೂ ಬಂತು. ಆ ಹೊತ್ತಿಗೆ ನಮ್ಮ ದಾವೆ ತೀರ್ಪಾಗಿತ್ತು, 2022ರಲ್ಲಿ. ದಾರಿಯ ಹಕ್ಕು ವಾದಿಗೆ ಎಂದಿತು ಕೋರ್ಟು. ಹದಿನೆಂಟು ಪುಟದ ತೀರ್ಪಿನಲ್ಲಿ ಪಿ.ಡಬ್ಲ್ಯೂ. 2ರ ಬಗ್ಗೆ ಎರಡು ಸಾಲು ಇದೆ. ಅಪ್ಪಯ್ಯನ ಉಯಿಲು ಕೇಸಿನ ತೀರ್ಪಿನಲ್ಲಿ ಅವರಿಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಪ್ರತಿವಾದಿ ಮೇಲ್ಮನವಿ ಹಾಕಿದ್ದಾರೆ, ತಡೆಯಾಜ್ಞೆ ಸಿಕ್ಕಿದೆ. ಕೈಪಂಪು ಕಿತ್ತುಹೋಗಿ ಬಹಳ ವರ್ಷವಾಯಿತು. ಗೋಡೆ ಹಾಗೇ ಇದೆ.